ಹತ್ತು ಸೂರ್ಯರು, ಮಾತಾಡುವ ಹಂಚು: ಲೋಕದ ಪುರಾಣಗಳನ್ನು ನಮ್ಮ ಮಕ್ಕಳಿಗೆ ಕಲಿಸುವುದು ಹೇಗೆ?

ಮಾರ್ಚ್ ಕೊನೆಯಲ್ಲಿ ರಾಯಚೂರು ಕಡೆಯ ಯಾವುದೇ ತರಗತಿಗೆ ಹೋಗಿ, "ಹಿಂದೆ ಆಕಾಶದಲ್ಲಿ ಹತ್ತು ಸೂರ್ಯರಿದ್ದರಂತೆ" ಅಂತ ಶುರು ಮಾಡಿ. ಒಂದು ಮಗುವೂ ಅನುಮಾನ ಪಡುವುದಿಲ್ಲ. "ಎಲ್ಲಾ ಇನ್ನೂ ನಮ್ಮೂರ ಮ್ಯಾಲೇ ಅದಾವ್ರಿ ಸರ್" ಅಂತ ಹಿಂದಿನ ಸಾಲಿನಿಂದ ಯಾರಾದರೂ ಹೇಳಿಯೇ ಹೇಳುತ್ತಾರೆ.

ಅದು ಚೀನಾದ ಕಥೆ. ಹತ್ತು ಸೂರ್ಯರು ದಿನಕ್ಕೊಬ್ಬರಂತೆ ಪಾಳಿ ಮೇಲೆ ಬರಬೇಕು. ಒಂದು ದಿನ ಹತ್ತೂ ಒಟ್ಟಿಗೆ ಬಂದುಬಿಟ್ಟವು. ಬೆಳೆ ಸುಟ್ಟು, ನೀರು ಬತ್ತಿ, ಜನ ಒದ್ದಾಡಿದರು. ಆಗ ಹೌ ಯೀ ಎಂಬ ಬಿಲ್ಲುಗಾರ ಒಂಬತ್ತನ್ನು ಹೊಡೆದು ಉರುಳಿಸಿ, ಒಂದನ್ನು ಮಾತ್ರ ಉಳಿಸಿದ. ಸಾವಿರಾರು ಮೈಲಿ ದೂರದ ಈ ಕಥೆ ಮಸ್ಕಿಯ ಮಗುವಿಗೆ ಅರ್ಥವಾಗಲು ಯಾವ ಪೀಠಿಕೆಯೂ ಬೇಡ. ಬಿಸಿಲು ಅದಕ್ಕೆ ಚೆನ್ನಾಗಿ ಗೊತ್ತು.

ಆದರೆ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಫೋನಿನಲ್ಲಿ ಸಿಕ್ಕ ಕಥೆಯನ್ನು ಓದಿ ಹೇಳುತ್ತೇವೆ. ಕೊನೆಗೆ "ಈ ಕಥೆಯ ನೀತಿ ಏನು?" ಅಂತ ಕೇಳುತ್ತೇವೆ. ಮಕ್ಕಳು "ಒಳ್ಳೆಯವರಾಗಿರಬೇಕು" ಅನ್ನುತ್ತಾರೆ. ಬೆಲ್ ಹೊಡೆಯುತ್ತದೆ. ಅಷ್ಟಕ್ಕೆ ಲೋಕದ ಪುರಾಣ ಯಾಕೆ ಬೇಕು? ಹೊರಗಿನ ಪುರಾಣವನ್ನು ನಮ್ಮ ಗುಡ್ಡ, ಹೊಳೆ, ಅಡುಗೆಮನೆಯ ಪಕ್ಕದಲ್ಲೇ ಇಟ್ಟು, ಮಕ್ಕಳೇ ಎರಡನ್ನೂ ಹೋಲಿಸಿ ಪ್ರಶ್ನೆ ಕೇಳುವಂತೆ ಮಾಡಿದರೆ ಅದು ನಿಜವಾದ ಪಾಠ. ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಶಿಕ್ಷಕರು, ಅರಿವು ಕೇಂದ್ರ (ಪಂಚಾಯ್ತಿ ಗ್ರಂಥಾಲಯ) ನೋಡಿಕೊಳ್ಳುವವರು, ಮನೆಯಲ್ಲಿ ಕಥೆ ಹೇಳುವ ಅಪ್ಪ–ಅವ್ವ ಎಲ್ಲರೂ ಇದನ್ನು ಮಾಡಬಹುದು. ಖರ್ಚು ಏನೂ ಇಲ್ಲ.

ಹೆಜ್ಜೆ 1: ಮೊದಲು ಊರಿನ ಕಥೆ ಹುಡುಕಿ

ಗ್ರೀಸ್, ಈಜಿಪ್ಟ್ ಆಮೇಲೆ. ಶಾಲೆಯಿಂದ ಕಾಣುವ ಗುಡ್ಡಕ್ಕೆ ಏನು ಕಥೆ ಇದೆ ಅಂತ ಮೊದಲು ಕೇಳಿ. ಕೇಳಬೇಕಾದದ್ದು ಗೂಗಲ್‌ನಲ್ಲಲ್ಲ, ಕಟ್ಟೆಯ ಮೇಲೆ ಕೂತ ಅಜ್ಜಂದಿರನ್ನು.

ನಮ್ಮ ಸೀಮೆಗೆ ಕಥೆಯ ಬರ ಇಲ್ಲ. ಆನೆಗೊಂದಿಯ ಅಂಜನಾದ್ರಿ ಹನುಮ ಹುಟ್ಟಿದ ಬೆಟ್ಟ ಅನ್ನುವ ನಂಬಿಕೆ ಎಲ್ಲರಿಗೂ ಗೊತ್ತು. ಹೊಳೆಯ ಆಚೆ, ಹಂಪಿ ಹತ್ತಿರದ ನಿಂಬಾಪುರದಲ್ಲಿ ಒಂದು ಬೂದಿ ದಿಬ್ಬ ಇದೆ. ವಾಲಿಯನ್ನು ಸುಟ್ಟ ಬೂದಿ ಅದು ಅಂತ ಹೇಳುತ್ತಾರೆ. ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿಯಲ್ಲಿಯೂ ಅಂಥದ್ದೇ ದಿಬ್ಬ ಇದೆ. ಅಲ್ಲಿಯ ಮಾತು ಬೇರೆ: ಭೀಮ ಕೊಂದ ಹಿಡಿಂಬಾಸುರನ ಬೂದಿ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಕಲ್ಲುಚಪ್ಪಡಿಯ ನೂರಾರು ಪುಟ್ಟ ಮನೆಗಳಿವೆ. ಕುಳ್ಳಗಿನ ಮೋರ್ಯರು ಅಲ್ಲಿ ಬಾಳಿದರು, ಅದಕ್ಕೇ ಅದು ಮೋರ್ಯರ ಗುಡ್ಡ ಅನ್ನುತ್ತಾರೆ. ಅವು ಕಬ್ಬಿಣ ಯುಗದವರ ಸಮಾಧಿಗಳು ಅಂತ ಪುರಾತತ್ವದವರು ಹೇಳುತ್ತಾರೆ.

ಇಂಥ ಒಂದು ಕಥೆಯಾದರೂ ಕೈಯಲ್ಲಿ ಇಲ್ಲದೆ ಹೊರಗಿನ ಪುರಾಣಕ್ಕೆ ಕೈ ಹಾಕಬೇಡಿ. ಇಲ್ಲದಿದ್ದರೆ ಕಥೆ ಅಂದರೆ ಬೇರೆ ದೇಶದ್ದು, ನಮ್ಮಲ್ಲಿ ಇರುವುದು ಬರೀ ಕಲ್ಲು–ಬಿಸಿಲು ಅಂತ ಮಗು ತಿಳಿಯುತ್ತದೆ.

ಹೆಜ್ಜೆ 2: ಜೋಡಿ ಮಾಡಿ

ಊರಿನ ಕಥೆಗೊಂದು ಹೊರಗಿನ ಕಥೆ. ಎರಡೂ ಒಂದೇ ವಸ್ತುವಿನ ಸುತ್ತ ಇರಬೇಕು. ನನಗೆ ತುಂಬಾ ಇಷ್ಟವಾದ ಜೋಡಿ ಸೂರ್ಯನದು. ಬಾಲ ಹನುಮ ಸೂರ್ಯನನ್ನು ಹಣ್ಣು ಅಂತ ತಿಳಿದು ಹಾರಿದ. ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಮಾವಿ ಎಂಬ ತುಂಟ ವೀರನಿದ್ದಾನೆ. ಅವನು ಹಗ್ಗ ಹೊಸೆದು ಸೂರ್ಯನನ್ನೇ ಉರುಲಲ್ಲಿ ಹಿಡಿದ. ನ್ಯೂಜಿಲೆಂಡಿನ ಮಾವೋರಿ ಜನ ಹೇಳುವಂತೆ ಅಜ್ಜಿಯ ದವಡೆ ಮೂಳೆಯಿಂದ ಹೊಡೆದು "ನಿಧಾನ ಹೋಗು" ಅಂದ. ಯಾಕೆ? ಹಗಲು ಬೇಗ ಮುಗಿಯುತ್ತಿತ್ತು, ಕೆಲಸ ಸಾಗುತ್ತಿರಲಿಲ್ಲ. ಹವಾಯಿಯಲ್ಲಿ ಹೇಳುವುದು ಇನ್ನೂ ಚಂದ: ತಾಯಿ ಹರವಿದ ಬಟ್ಟೆ ಒಣಗುತ್ತಿರಲಿಲ್ಲ.

ಈ ಎರಡರ ಪಕ್ಕದಲ್ಲಿ ಚೀನಾದ ಹತ್ತು ಸೂರ್ಯರನ್ನು ಇಟ್ಟು, "ಒಬ್ಬರಿಗೆ ಸೂರ್ಯ ಜಾಸ್ತಿ, ಇನ್ನೊಬ್ಬರಿಗೆ ಕಡಿಮೆ. ಯಾಕಿರಬಹುದು?" ಅಂತ ಕೇಳಿ. ಐದನೇ ತರಗತಿಯ ಮಕ್ಕಳು ತಾವೇ ನಕಾಶೆ ನೋಡಲು ಏಳುತ್ತಾರೆ.

ಮತ್ತೆ ಕೆಲವು ಜೋಡಿಗಳು. ಪ್ರಳಯಕ್ಕೆ ಮನುವಿನ ಕೈಗೆ ಬಂದ ಮೀನಿನ ಕಥೆ, ಮೆಸಪೊಟೇಮಿಯಾದ ಉತ್ನಪಿಶ್ತಿಮ್‌ನ ಹಡಗು, ನೋಹನ ನಾವೆ. ನಮ್ಮ ತರಗತಿಗಳಲ್ಲಿ ಮುಸ್ಲಿಂ ಮಕ್ಕಳು ಇರುತ್ತಾರಲ್ಲ, ನೂಹ್ ಪೈಗಂಬರರ ಹಡಗಿನ ಕಥೆ ಮನೆಯಲ್ಲಿ ಕೇಳಿರುತ್ತಾರೆ. ಅದನ್ನು ಅವರೇ ಹೇಳಲಿ, ನೀವು ಕೂತು ಕೇಳಿ. ಉತ್ನಪಿಶ್ತಿಮ್‌ನ ಕಥೆ ಮಣ್ಣಿನ ಹಲಗೆಗಳ ಮೇಲೆ ಬರೆದಿತ್ತು. 1872ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಜಾರ್ಜ್ ಸ್ಮಿತ್ ಅದನ್ನು ಓದಿ ಪತ್ತೆ ಮಾಡಿದ. ಜೇಡಿಮಣ್ಣಿನ ಹಲಗೆ ಮಾಡಿ ಕಡ್ಡಿಯಿಂದ ಗೀಚಿಸಿದರೆ ಒಂದು ಮಧ್ಯಾಹ್ನ ಅದರಲ್ಲೇ ಕಳೆಯುತ್ತದೆ. ಪ್ರವಾಹ ಅಂದರೇನು ಅಂತ ಹೊಳೆ ದಂಡೆಯ ಮಕ್ಕಳಿಗೆ ವಿವರಿಸಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಮನೆಮನೆಯಲ್ಲೂ ಅದೇ ಮಾತಿತ್ತು.

ಬಂಗಾರಕ್ಕೆ ಹಟ್ಟಿಯ ಚಿನ್ನದ ಗಣಿ ಇದೆ. ಮುಟ್ಟಿದ್ದೆಲ್ಲ ಬಂಗಾರವಾಗುವ ವರ ಪಡೆದ ಮಿಡಾಸ್ ರಾಜನ ಕಥೆಯನ್ನು ಲಿಂಗಸುಗೂರು ತಾಲ್ಲೂಕಿನಲ್ಲಿ ಹೇಳಿದರೆ, ಅಪ್ಪ ಗಣಿಯಲ್ಲಿ ಕೆಲಸ ಮಾಡುವ ಮಗು ಅದನ್ನು ಕೇಳುವ ರೀತಿಯೇ ಬೇರೆ. ಮಿಡಾಸ್ ಕೊನೆಗೆ ಪಕ್ಟೋಲಸ್ ನದಿಯಲ್ಲಿ ಮಿಂದು ವರ ಕಳೆದುಕೊಂಡ, ಅದಕ್ಕೇ ಆ ಮರಳಲ್ಲಿ ಬಂಗಾರ ಇದೆ ಅನ್ನುತ್ತದೆ ಕಥೆ. ಆ ನದಿ ಈಗಿನ ಟರ್ಕಿಯಲ್ಲಿದೆ. ಅದರ ಮರಳಲ್ಲಿ ನಿಜಕ್ಕೂ ಬಂಗಾರ ಸಿಗುತ್ತಿತ್ತು.

ಹೆಜ್ಜೆ 3: ಕಥೆಯ ಮೂಲ ನೋಡಿ, ಆಮೇಲೆ ಕತ್ತರಿ ಹಾಕಿ

ಮಿಡಾಸ್ ಮಗಳನ್ನು ಮುಟ್ಟಿ ಅವಳು ಬಂಗಾರದ ಗೊಂಬೆಯಾದಳು ಅಂತ ನಾವೆಲ್ಲ ಕೇಳಿದ್ದೇವೆ. ಅದು ಹಳೆಯ ಕಥೆಯಲ್ಲಿ ಇಲ್ಲ. 19ನೇ ಶತಮಾನದಲ್ಲಿ ಅಮೆರಿಕದ ಲೇಖಕನೊಬ್ಬ ಮಕ್ಕಳಿಗಾಗಿ ಸೇರಿಸಿದ್ದು. ಹಳೆಯದರಲ್ಲಿ ಮಿಡಾಸ್‌ಗೆ ಆದ ಕಷ್ಟ ಹಸಿವು: ರೊಟ್ಟಿ ಬಂಗಾರವಾಗುತ್ತದೆ, ಬಾಯಿಗಿಟ್ಟರೆ ಹಲ್ಲು ಇಳಿಯುವುದಿಲ್ಲ. ನನಗೆ ಹಳೆಯದೇ ವಾಸಿ ಅನ್ನಿಸುತ್ತದೆ. ಬಿಸಿಯೂಟಕ್ಕೆ ಮುಂಚಿನ ಪೀರಿಯಡ್‌ನಲ್ಲಿ ಹೇಳಿ ನೋಡಿ.

ಪ್ರತಿ ಕಥೆಗೂ ಮೂರು ವಿಷಯ ಗುರುತು ಹಾಕಿಕೊಳ್ಳಿ: ಯಾವ ಜನರದ್ದು, ಎಲ್ಲಿಯದ್ದು, ಹೇಗೆ ನಮ್ಮ ತನಕ ಬಂತು. "ಆಫ್ರಿಕಾದ ಕಥೆ" ಅಂದರೆ ಸಾಲದು. ಆಫ್ರಿಕಾದಲ್ಲಿ 50ಕ್ಕೂ ಹೆಚ್ಚು ದೇಶಗಳಿವೆ. ಅನಾನ್ಸಿ ಜೇಡನ ಕಥೆ ಘಾನಾದ ಅಕಾನ್ ಜನರದ್ದು ಅನ್ನಿ. ಗುಲಾಮರಾಗಿ ಹಡಗಿನಲ್ಲಿ ಸಾಗಿಸಲ್ಪಟ್ಟವರ ಜೊತೆ ಅದು ಕೆರಿಬಿಯನ್ ದ್ವೀಪಗಳಿಗೂ ಹೋಯಿತು ಅನ್ನಿ. ಆರನೇ ತರಗತಿಯ ಮೇಲಿನವರಿಗೆ ಆ ಒಂದೇ ವಾಕ್ಯ ಇಡೀ ಇತಿಹಾಸದ ಪಾಠಕ್ಕೆ ಬಾಗಿಲು.

ಆಮೇಲೆ ಕತ್ತರಿ. ಒಂದು ಕಥೆಯಲ್ಲಿ ಮೂರಕ್ಕಿಂತ ಜಾಸ್ತಿ ಹೊಸ ಹೆಸರು ಇಡಬೇಡಿ. ಉಳಿದವರು "ಅವನ ತಮ್ಮ", "ಆ ದೇವತೆ" ಆಗಲಿ. ಇಟ್ಟ ಹೆಸರನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದು ಎಲ್ಲರಿಂದ ಒಮ್ಮೆ ಜೋರಾಗಿ ಹೇಳಿಸಿ. ನಗುತ್ತಾರೆ, ನಗಲಿ.

ವಯಸ್ಸಿನ ಲೆಕ್ಕ ಸರಳ. ನಲಿ–ಕಲಿಯ ಚಿಕ್ಕವರಿಗೆ ಪ್ರಾಣಿ, ಸೂರ್ಯ, ಚಂದ್ರ. ನಾಲ್ಕು–ಐದನೇ ತರಗತಿಗೆ ಹುಟ್ಟಿನ ಕಥೆ, ಪ್ರಳಯದ ಕಥೆ. ಆರರ ಮೇಲೆ ಸಾವು, ಅನ್ಯಾಯ, ಅಗಲಿಕೆ ಬರಬಹುದು. ಪಂಡೋರಾಳ ಕಥೆಯನ್ನು ಮಾತ್ರ ನಾನು ಚಿಕ್ಕವರಿಗೆ ಹೇಳುವುದಿಲ್ಲ. ಹೆಣ್ಣೊಬ್ಬಳು ಕುತೂಹಲ ಪಟ್ಟಿದ್ದಕ್ಕೆ ಲೋಕಕ್ಕೆಲ್ಲ ಕಷ್ಟ ಬಂತು ಅನ್ನುವುದನ್ನು, ಪ್ರಶ್ನೆ ಕೇಳಲು ಮೊದಲೇ ಹಿಂಜರಿಯುವ ಹುಡುಗಿಯರ ಮುಂದೆ ಯಾಕೆ ಹೇಳಬೇಕು?

ಹೆಜ್ಜೆ 4: ಓದಬೇಡಿ, ಹೇಳಿ

ಪುಸ್ತಕ ಕೆಳಗಿಡಿ. ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಕೇಳಿದ ಮಕ್ಕಳು ಇವರು, ಕೇಳುವುದು ಹೇಗೆ ಅಂತ ಅವರಿಗೆ ಗೊತ್ತಿದೆ. ಹ್ಞೂಂಗುಟ್ಟಲು ಒಬ್ಬರನ್ನು ನೇಮಿಸಿ. ಪ್ರತಿ ವಾಕ್ಯಕ್ಕೂ "ಹ್ಞೂಂ" ಅನ್ನುವುದು ಅವರ ಕೆಲಸ. ತರಗತಿಯಲ್ಲಿ ತುಂಬಾ ಗಲಾಟೆ ಮಾಡುವವರಿಗೇ ಈ ಕೆಲಸ ಕೊಡಿ, ಚೆನ್ನಾಗಿ ಮಾಡುತ್ತಾರೆ.

ಹೇಗೆ ಹೇಳುವುದು ಅನ್ನುವುದಕ್ಕೆ ಒಂದು ಕಥೆಯನ್ನು ಪೂರ್ತಿ ನೋಡೋಣ. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಕಿಚೆ ಎಂಬ ಮಾಯಾ ಜನರಿದ್ದಾರೆ. ಮನುಷ್ಯ ಹುಟ್ಟಿದ್ದು ಹೇಗೆ ಅಂತ ಅವರು ಹೇಳುವ ಕಥೆ ಇದು. 16ನೇ ಶತಮಾನದಲ್ಲಿ ಬರಹಕ್ಕೆ ಇಳಿಯಿತು.

ದೇವತೆಗಳಿಗೆ ತಮ್ಮ ಹೆಸರು ಹಿಡಿದು ಕರೆಯುವವರು ಬೇಕಿತ್ತು. ಮೊದಲು ಪ್ರಾಣಿಗಳನ್ನು ಮಾಡಿದರು. ಅವು ಕಿರುಚಿದವು, ಗುಟುರು ಹಾಕಿದವು, ಮಾತು ಬರಲಿಲ್ಲ. (ಇಲ್ಲಿ ನಿಲ್ಲಿಸಿ, ಮಕ್ಕಳಿಂದ ಒಂದೊಂದು ಪ್ರಾಣಿಯ ಸದ್ದು ಮಾಡಿಸಿ.) ಆಮೇಲೆ ಮಣ್ಣಿನಿಂದ ಮನುಷ್ಯನನ್ನು ಮಾಡಿದರು. ನೀರು ಬಿದ್ದರೆ ಕರಗಿದ, ತಲೆ ತಿರುಗಿಸಲು ಬರಲಿಲ್ಲ. ಮೂರನೇ ಸಲ ಕಟ್ಟಿಗೆಯಿಂದ ಮಾಡಿದರು. ಇವರು ನಡೆದರು, ಮಾತಾಡಿದರು, ಮಕ್ಕಳನ್ನೂ ಹೆತ್ತರು. ಆದರೆ ಎದೆಯೊಳಗೆ ಏನೂ ಇರಲಿಲ್ಲ. ಮಾಡಿದವರನ್ನು ನೆನೆಯಲೇ ಇಲ್ಲ.

ಆಗ ಮಳೆ ಹಿಡಿಯಿತು. ಜೊತೆಗೆ ಮನೆಯೊಳಗಿನ ಸಾಮಾನೆಲ್ಲ ತಿರುಗಿಬಿದ್ದವು. ರೊಟ್ಟಿ ಸುಡುವ ಹಂಚು ಹೇಳಿತು: ದಿನಾ ನಮ್ಮನ್ನು ಒಲೆ ಮೇಲೆ ಸುಟ್ಟಿರಿ, ಈಗ ನಿಮ್ಮನ್ನು ನಾವು ಸುಡುತ್ತೇವೆ. ಬೀಸುವ ಕಲ್ಲು ಹೇಳಿತು: ನಮ್ಮ ಮುಖ ಸವೆಯುವ ತನಕ ಬೀಸಿದಿರಿ, ಈಗ ನಿಮ್ಮ ಸರದಿ. ನಾಯಿ ಹೇಳಿತು: ಕೂಳು ಹಾಕಲಿಲ್ಲ, ಕೋಲಿನಿಂದ ಹೊಡೆದಿರಿ. ಕಟ್ಟಿಗೆಯ ಜನ ಮಾಳಿಗೆ ಹತ್ತಿದರು, ಮಾಳಿಗೆ ಕುಸಿಯಿತು. ಮರ ಹತ್ತಿದರು, ಮರ ಕೊಡವಿತು. ಗವಿಗೆ ಓಡಿದರು, ಗವಿ ಬಾಯಿ ಮುಚ್ಚಿತು. ಉಳಿದವರೇ ಕಾಡಿನ ಮಂಗಗಳು.

ಆನೆಗೊಂದಿ ಸುತ್ತಿನ ಮಕ್ಕಳ ಮುಂದೆ ಇಲ್ಲಿಗೆ ಬಂದು ನಿಲ್ಲಿಸಿ ನೋಡಿ. ಮಂಗಗಳ ರಾಜ್ಯ ಕಿಷ್ಕಿಂಧೆಯನ್ನು ಕೇಳಿ ಬೆಳೆದವರು ಅವರು. "ಅಲ್ಲೂ ಮಂಗ್ಯಾ ಅದಾವೇನ್ರಿ ಅಕ್ಕೋರೆ?" ಅಂತಲೇ ಮಾತು ಶುರುವಾಗುತ್ತದೆ.

ಕೊನೆಯ ಸಲ ದೇವತೆಗಳು ಮೆಕ್ಕೆಜೋಳ ತಂದರು, ಬಿಳಿಯದು, ಹಳದಿಯದು. ಮುದುಕಿ ದೇವತೆ ಅದನ್ನು ಒಂಬತ್ತು ಸಲ ಬೀಸಿದಳು. ಆ ಹಿಟ್ಟಿನಿಂದ ಮನುಷ್ಯ ಆದ. ಇವರ ಕಣ್ಣಿಗೆ ಭೂಮಿ–ಆಕಾಶ ಎಲ್ಲವೂ ಕಾಣುತ್ತಿತ್ತು. ಇದು ಜಾಸ್ತಿಯಾಯಿತು ಅಂತ ದೇವತೆಗಳು, ಕನ್ನಡಿಗೆ ಉಸಿರು ಊದಿ ಮಂಜು ಮಾಡುವ ಹಾಗೆ, ಅವರ ಕಣ್ಣಿಗೆ ಊದಿದರು. ಅದಕ್ಕೇ ನಮಗೆ ಹತ್ತಿರದ್ದು ಮಾತ್ರ ಕಾಣುತ್ತದೆ.

ಕಥೆ ಮುಗಿದ ಮೇಲೆ ಒಂದು ನಿಮಿಷ ಸುಮ್ನೆ ಇರಿ. ನೀತಿ ಕೇಳಬೇಡಿ.

ಹೆಜ್ಜೆ 5: ಮೂರು ಪ್ರಶ್ನೆ

ಈ ಕಥೆ ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದೆ? ಕಥೆ ಕಟ್ಟಿದವರ ಸುತ್ತಮುತ್ತ ಏನೇನು ಇತ್ತು? ಇದರಲ್ಲಿ ನಾವು ಹೋಗಿ ನೋಡಿ, ಅಳೆದು ತಿಳಿಯಬಹುದಾದದ್ದು ಏನಾದರೂ ಇದೆಯಾ?

ಮೊದಲನೆಯದಕ್ಕೆ ಉತ್ತರ ಬೇಗ ಬರುತ್ತದೆ. ಎರಡನೆಯದರಲ್ಲಿ ಮಜಾ ಇದೆ. ಮಾಯಾ ಜನ ಮೆಕ್ಕೆಜೋಳ ಉಣ್ಣುವವರು, ಅದಕ್ಕೇ ಅವರ ಮನುಷ್ಯ ಮೆಕ್ಕೆಜೋಳದವನು. ಹಾಗಾದರೆ ಕೊಪ್ಪಳದಲ್ಲಿ ಈ ಕಥೆ ಹುಟ್ಟಿದ್ದರೆ? ಬಿಳಿಜೋಳದ ಮನುಷ್ಯ! ಮಕ್ಕಳಿಂದ ಅದನ್ನು ಬರೆಸಿ. ಸಿಂಧನೂರು, ಗಂಗಾವತಿ ಕಡೆಯ ಕಾಲುವೆ ನೀರಿನ ಊರಿನವರು ಭತ್ತದ ಮನುಷ್ಯ ಮಾಡುತ್ತಾರೆ, ಕುಷ್ಟಗಿ ಕಡೆಯವರು ಸಜ್ಜೆ ತರುತ್ತಾರೆ. ಯಾರ ಹೊಲಕ್ಕೆ ಎಲ್ಲಿಂದ ನೀರು ಅನ್ನುವ ಮಾತು ಅಲ್ಲಿಂದಲೇ ಏಳುತ್ತದೆ. ಈಗ ನಮ್ಮ ಹೊಲಗಳಲ್ಲಿ ತುಂಬಿರುವ ಮೆಕ್ಕೆಜೋಳವೂ ಅದೇ ಸೀಮೆಯಿಂದ ಬಂದದ್ದು. ಮೆಕ್ಸಿಕೊದ ಜನ ಸುಮಾರು 9,000 ವರ್ಷ ಹಿಂದೆ ಕಾಡುಹುಲ್ಲಿನಿಂದ ಅದನ್ನು ಪಳಗಿಸಿದರು. ಇದನ್ನು ಕಥೆಗಿಂತ ಮೊದಲು ಹೇಳಬೇಡಿ, ಆಮೇಲೆ ಹೇಳಿ.

ಮೂರನೇ ಪ್ರಶ್ನೆಗೆ ಬೂದಿ ದಿಬ್ಬಕ್ಕಿಂತ ಒಳ್ಳೆಯ ಪಾಠ ಇಲ್ಲ. ಬ್ಯಾಗ್ ಇಲ್ಲದ ಶನಿವಾರ ಕುಡತಿನಿಗೋ ನಿಂಬಾಪುರಕ್ಕೋ ಕರೆದುಕೊಂಡು ಹೋಗಿ. ಅದು ರಕ್ಷಿತ ಜಾಗ, ಏನನ್ನೂ ಕೀಳಬಾರದು ಅಂತ ಮೊದಲೇ ಹೇಳಿ. ಇಷ್ಟು ಬೂದಿ ನೋಡಿದವರು ದೊಡ್ಡ ರಾಕ್ಷಸನನ್ನೇ ಸುಟ್ಟಿರಬೇಕು ಅಂದುಕೊಂಡರು, ಅವರು ಕಣ್ಣಾರೆ ಕಂಡದ್ದಕ್ಕೆ ಕಾರಣ ಹುಡುಕಿದರು. ಆಮೇಲೆ ಬಂದವರೂ ಅದೇ ಕೆಲಸ ಮಾಡಿದರು. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇದು ಸುಟ್ಟ ಸೆಗಣಿ ಅಂದ. ಮುಂದೆ ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿದಾಗ ಅದು ಖಾತ್ರಿಯಾಯಿತು. ತೆಲಂಗಾಣದ ಪಾಲಮೂರು (ಮಹಬೂಬ್‌ನಗರ) ಕಡೆಯ ಉಟ್ನೂರಿನ ದಿಬ್ಬದಲ್ಲಿ ದನದ ಗೊರಸಿನ ಗುರುತುಗಳೂ ಸಿಕ್ಕವು. ಸುಮಾರು ನಾಲ್ಕೈದು ಸಾವಿರ ವರ್ಷ ಹಿಂದೆ ಇಲ್ಲಿ ದನ ಸಾಕಿದ ಜನ ದೊಡ್ಡಿಯ ಸೆಗಣಿ ರಾಶಿಗೆ ಮತ್ತೆ ಮತ್ತೆ ಬೆಂಕಿ ಹಾಕಿದ್ದರು. ಯಾಕೆ ಹಾಕಿದರು ಅನ್ನುವುದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಂದೇ ಮಾತಿಲ್ಲ. ಆ ಪ್ರಶ್ನೆಯನ್ನು ಮಕ್ಕಳಿಗೆ ಬಿಟ್ಟುಕೊಡಿ.

ಹೆಜ್ಜೆ 6: ಕೈಗೆ ಕೆಲಸ ಕೊಡಿ

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಗಲುಗೊಂಬೆಯಾಟಕ್ಕೆ. ಆ ಕಲೆ ನಮ್ಮ ಮಗ್ಗುಲಲ್ಲೇ ಇರುವಾಗ ಬೇರೆ ಉಪಕರಣ ಯಾಕೆ? ತೊಗಲು ಬೇಡ, ಹಳೆಯ ಮದುವೆ ಪತ್ರಿಕೆಯ ರಟ್ಟು ಸಾಕು. ಕತ್ತರಿಸಿ, ಪೊರಕೆ ಕಡ್ಡಿ ಅಂಟಿಸಿ. ಬಿಳಿ ಪಂಚೆ ಕಟ್ಟಿ, ಹಿಂದಿನಿಂದ ಟಾರ್ಚ್ ಹಿಡಿದರೆ ಹೌ ಯೀ ಬಾಣ ಬಿಡುತ್ತಾನೆ. ಗೊಂಬೆ ಪರದೆಗೆ ತಾಗಿದ್ದರೆ ನೆರಳು ಚೊಕ್ಕ, ಹಿಂದೆ ಸರಿದರೆ ದೊಡ್ಡದಾಗಿ ಮಸುಕಾಗುತ್ತದೆ. ಬೆಳಕಿನ ಪಾಠವೂ ಅಲ್ಲೇ ಆಯಿತು.

ಚಿಕ್ಕವರಿಗೆ ಅನಾನ್ಸಿ. ಅವನು ಹೆಬ್ಬಾವನ್ನು ಹಿಡಿದ ಉಪಾಯ ಇದು: "ನೀನು ಉದ್ದವೋ ಈ ಗಳ ಉದ್ದವೋ" ಅಂತ ಜಗಳ ಹಚ್ಚಿ, ಅಳೆಯುವ ನೆಪದಲ್ಲಿ ಗಳಕ್ಕೇ ಕಟ್ಟಿಬಿಟ್ಟ. ಒಂದು ಹಗ್ಗ, ಒಂದು ಕೋಲು ಕೊಟ್ಟರೆ ಅಳತೆಯ ಪಾಠ ತಾನಾಗಿ ನಡೆಯುತ್ತದೆ.

ಹೆಜ್ಜೆ 7: ಕಷ್ಟದ ಕಥೆಗಳು

ಏಳು–ಎಂಟನೇ ತರಗತಿಗೆ ಗ್ರೀಸಿನ ಪರ್ಸೆಫೊನಿಯ ಕಥೆ ಹೇಳಬಹುದು, ಎಚ್ಚರಿಕೆಯಿಂದ. ಪಾತಾಳದ ರಾಜ ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಅಪ್ಪ ಮೊದಲೇ ಒಪ್ಪಿದ್ದ. ತಾಯಿಗೆ ಗೊತ್ತಿರಲಿಲ್ಲ. ಮಗಳನ್ನು ಯಾರೂ ಕೇಳಿರಲಿಲ್ಲ. ಬೆಳೆಯ ದೇವತೆಯಾದ ತಾಯಿ ದಿಮೀಟರ್ ದುಃಖದಲ್ಲಿ ಕೈ ಬಿಟ್ಟಳು, ಭೂಮಿ ಬರಡಾಯಿತು. ಕೊನೆಗೆ ಮಗಳು ಬಂದಳು. ಆದರೆ ಅಲ್ಲಿ ದಾಳಿಂಬೆ ಕಾಳು ತಿಂದಿದ್ದರಿಂದ ವರ್ಷದಲ್ಲಿ ಕೆಲವು ತಿಂಗಳು ವಾಪಸ್ ಹೋಗಲೇಬೇಕು.

ದಾಳಿಂಬೆ ಕೊಪ್ಪಳದ ಮಕ್ಕಳಿಗೆ ತೋಟದ ಹಣ್ಣು, ಅದು ಸುಲಭದ ತುದಿ. ಇನ್ನೊಂದು ತುದಿ ಬಾಲ್ಯವಿವಾಹ. ನೀವು ಆ ಮಾತು ಎತ್ತದಿದ್ದರೂ ಹುಡುಗಿಯರು ಎತ್ತುತ್ತಾರೆ. ಆಗ ಕಥೆಯೊಳಗೇ ನಿಂತು ಮಾತಾಡಿಸಿ: ಪರ್ಸೆಫೊನಿ ಅಪ್ಪನಿಗೆ ಪತ್ರ ಬರೆದರೆ ಏನು ಬರೆಯುತ್ತಾಳೆ? ನಮ್ಮ ಮನೆಯ ಹೆಸರು ಹೇಳದೆ ಮನೆಯ ಮಾತು ಹೇಳಲು ಕಥೆ ಜಾಗ ಕೊಡುತ್ತದೆ. ಯಾರನ್ನೂ ಎಲ್ಲರ ಮುಂದೆ ಕೆದಕಬೇಡಿ. 18 ತುಂಬದೆ ಹುಡುಗಿಯ ಮದುವೆ ಮಾಡುವಂತಿಲ್ಲ, ಮಕ್ಕಳ ಸಹಾಯವಾಣಿ 1098 ಅನ್ನುವುದನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಯಾವುದಾದರೂ ಮಗು ಆಮೇಲೆ ಒಬ್ಬಳೇ ಬಂದು ಮಾತಾಡಿದರೆ, ಕೇಳಿ ಅಲ್ಲಿಗೇ ಬಿಡಬೇಡಿ.

ಹೆಜ್ಜೆ 8: ನಂಬಿಕೆಯ ಮಾತು

"ಹನುಮಪ್ಪನ್ನ ತಂದು ಯಾವುದೋ ಮಾವಿ ಜೊತೆ ಕೂರಿಸಿದ್ರಾ?" ಅಂತ ಯಾರಾದರೂ ಪಾಲಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಮೊದಲ ಕಥೆಯ ದಿನ ಒಬ್ಬಿಬ್ಬರು ಅಜ್ಜ–ಅಜ್ಜಿಯರನ್ನು ಕರೆದು ಹನುಮನ ಕಥೆ ಅವರಿಂದಲೇ ಹೇಳಿಸಿ. ಯಾವ ಕಥೆಗೂ "ಸುಳ್ಳು" ಅನ್ನುವ ಮಾತು ಬೇಡ. "ನಮ್ಮವರು ಹೀಗೆ ನಂಬುತ್ತಾರೆ, ಅವರು ಹಾಗೆ ನಂಬುತ್ತಾರೆ, ಅಗೆದು ನೋಡಿದವರು ಇದನ್ನು ಕಂಡರು" ಅಂತ ಮೂರನ್ನೂ ಬೇರೆ ಬೇರೆಯಾಗಿ ಇಡಿ.

ಅದೇ ಮರ್ಯಾದೆ ಆಚೆಯವರಿಗೂ ಸಲ್ಲಬೇಕು. ಮಾವೋರಿಗಳು ಇಂದಿಗೂ ಇರುವ ಜನ, ಮಾವಿ ಅವರ ಹಿರಿಯ. ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಕೆಲವು ಕಥೆಗಳನ್ನು ಎಲ್ಲರಿಗೂ ಹೇಳುವಂತಿಲ್ಲ. ಶಾಲಾ ವಾರ್ಷಿಕೋತ್ಸವದಲ್ಲಿ ಮುಖಕ್ಕೆ ಮಸಿ ಬಳಿದು, ಗರಿ ಸಿಕ್ಕಿಸಿ, "ಆದಿವಾಸಿ ಡ್ಯಾನ್ಸ್" ಮಾಡಿಸುವುದನ್ನು ದಯವಿಟ್ಟು ಬಿಡಿ.

ಹೆಜ್ಜೆ 9: ಕಲಿತರಾ ಅಂತ ನೋಡುವುದು

"ಸೂರ್ಯನನ್ನು ಹೊಡೆದವನು ಯಾರು?" ಅಂತ ಒಂದು ಅಂಕದ ಪ್ರಶ್ನೆ ಕೇಳಿದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರಲ್ಲಿ ಹೋಮ. ಮಗು ಕಥೆಯನ್ನು ಮನೆಯಲ್ಲಿ ಹೇಳಿ ಬಂತಾ ನೋಡಿ. ಹೇಳುವಾಗ ಏನು ಬದಲಾಯಿಸಿತು ಕೇಳಿ. ಹಂಚಿನ ಜೊತೆ ಮಿಕ್ಸಿಯೂ ತಿರುಗಿಬಿತ್ತು ಅಂದರೆ ಕಥೆ ಅದರದ್ದಾಯಿತು.

ಜೊತೆಗೆ ಒಂದು 200 ಪುಟದ ನೋಟ್‌ಬುಕ್ ಇಡಿ. ಎಡ ಪುಟದಲ್ಲಿ ಹೊರಗಿನ ಕಥೆ, ಬಲ ಪುಟದಲ್ಲಿ ಅದಕ್ಕೆ ಜೋಡಿಯಾಗಿ ಮಕ್ಕಳು ಮನೆಯಿಂದ ತಂದ ಕಥೆ. ಹೇಳಿದ ಅಜ್ಜಿ ಒಪ್ಪಿದರೆ ಅವರ ಹೆಸರೂ, ಊರೂ ಕೆಳಗೆ ಇರಲಿ. ಬಲ ಪುಟ ಖಾಲಿ ಉಳಿದರೆ ಮುಂದಿನ ಕಥೆಗೆ ಹೋಗಬೇಡಿ, ಅದು ತುಂಬುವ ತನಕ ಕಾಯಿರಿ.